ಅಪ್ಪನ ಬುದ್ಧಿಯೋ, ಸಹವಾಸ ದೋಷವೋ?

ಶಾಲೆಯಲ್ಲಿ ಹೊಡೆದಾಟ, ಮನೆಯಲ್ಲಿ ಸುಳ್ಳು, ಅಂಗಡಿಯಲ್ಲಿ ಕಳವು. ಇಂಥ ಹುಡುಗನನ್ನು ಕಂಡು ‘ಅಪ್ಪನ ಬುದ್ಧಿಯೇ ಬಂದಿದೆ’ ಎನ್ನುವವರಿದ್ದಾರೆ; ‘ಸಹವಾಸ ಕೆಟ್ಟಿತು’ ಎಂದು ಮರುಗುವವರೂ ಇದ್ದಾರೆ. ಇಬ್ಬರಲ್ಲಿ ಯಾರ ಮಾತು ಸರಿ ಎಂಬುದು ಆ ಹುಡುಗನ ವಯಸ್ಸಿನ ಮೇಲೂ ನಿಂತಿದೆ.

ಸಂಶೋಧಕ ಮೈಕೇಲ್ ಲಯನ್ಸ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿಕೊಟ್ಟದ್ದು ಇದನ್ನೇ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಯಲ್ಲಿದ್ದ 3,226 ಜೋಡಿ ಅವಳಿ ಸೋದರರನ್ನು ಅವರು ಮಾತನಾಡಿಸಿದರು. ತದ್ರೂಪಿ ಅವಳಿಗಳ ವಂಶವಾಹಿಗಳು ಒಂದೇ. ಉಳಿದ ಅವಳಿಗಳಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಸಮಾನ. ಎರಡು ಗುಂಪುಗಳನ್ನೂ ಹೋಲಿಸಿದಾಗ, ಬಾಲ್ಯದ ಪುಂಡಾಟಕ್ಕೆ ಹೋಲಿಸಿದರೆ ದೊಡ್ಡವರಾದ ಮೇಲಿನ ಸಮಾಜವಿರೋಧಿ ನಡತೆಯಲ್ಲಿ ವಂಶವಾಹಿಗಳ ಪಾಲು ಸುಮಾರು ಆರು ಪಟ್ಟು ಹೆಚ್ಚಿತ್ತು. ಒಟ್ಟಿಗೆ ಬೆಳೆದ ಮನೆ, ಬೀದಿಗಳ ಪ್ರಭಾವ ಇದಕ್ಕೆ ತಿರುಗುಮುರುಗು: ಬಾಲ್ಯದಲ್ಲೇ ಸುಮಾರು ಆರು ಪಟ್ಟು ಹೆಚ್ಚು.

ಇದಕ್ಕೆ ಕಾರಣ ಹೀಗಿರಬಹುದು: ಮಗುವಿಗೆ ಮನೆಯನ್ನಾಗಲಿ ಓಣಿಯನ್ನಾಗಲಿ ಆರಿಸಿಕೊಳ್ಳುವ ಅಧಿಕಾರವಿಲ್ಲ. ಬೆಳೆದವನು ಗೆಳೆಯರನ್ನೂ ಕೆಲಸವನ್ನೂ ತಾನೇ ಹುಡುಕಿಕೊಳ್ಳುತ್ತಾನೆ, ಆ ಆಯ್ಕೆಯಲ್ಲಿ ಹುಟ್ಟುಗುಣ ತಲೆಯೆತ್ತುತ್ತದೆ.

ಹಾಗೆಂದು ವಂಶವಾಹಿಯೇ ಹಣೆಬರಹ ಎನ್ನುವುದು ದೊಡ್ಡ ತಪ್ಪು. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ವಿಜ್ಞಾನಿಗಳು ದಶಕಗಳಿಂದ ಹಿಂಬಾಲಿಸುತ್ತಿದ್ದಾರೆ. ಹೆಚ್ಚಿನ ಹುಡುಗರ ಪುಂಡಾಟ ಹದಿಹರೆಯದೊಂದಿಗೇ ಇಳಿಯುತ್ತದೆ, ಎಳವೆಯಲ್ಲೇ ಶುರುವಾಗಿ ಬಿಡದೆ ಮುಂದುವರಿಯುವವರು ಕೆಲವರಷ್ಟೇ ಎಂದು 1993ರಲ್ಲಿ ವಾದಿಸಿದ ಟೆರಿ ಮಾಫಿಟ್ ಈ ಅಧ್ಯಯನದವರೇ. ಅವ್ಶಲೋಮ್ ಕ್ಯಾಸ್ಪಿ ಜೊತೆ ಅವರು 2002ರಲ್ಲಿ ಎಂಎಒಎ ಎಂಬ ವಂಶವಾಹಿಯನ್ನು ಪರಿಶೀಲಿಸಿದರು. ಅದರ ಮಂದ ರೂಪವನ್ನು ಪಡೆದು, ಬಾಲ್ಯದಲ್ಲಿ ಹೊಡೆತ, ತಿರಸ್ಕಾರಗಳನ್ನೂ ಉಂಡ ಹುಡುಗರು ಅಧ್ಯಯನದ ಒಟ್ಟು ಹುಡುಗರಲ್ಲಿ ಶೇ 12ರಷ್ಟಿದ್ದರು. ಹಿಂಸಾಪರಾಧದ ಶಿಕ್ಷೆಗಳಲ್ಲಿ ಶೇ 44 ಅವರ ಪಾಲಿಗೇ ಬಂದಿದ್ದವು. ಅದೇ ರೂಪವಿದ್ದೂ ಅಕ್ಕರೆಯಲ್ಲಿ ಬೆಳೆದವರಲ್ಲಿ ಅಂಥ ಅಪಾಯ ಕಾಣಲಿಲ್ಲ. ಈ ವಂಶವಾಹಿಯನ್ನು ಪತ್ರಿಕೆಗಳು ‘ಯೋಧನ ವಂಶವಾಹಿ’ ಎಂದು ಕರೆದದ್ದು ಅನ್ಯಾಯ. ಒಂದೇ ವಂಶವಾಹಿಯ ಬಲ ಅಲ್ಪ, ಮುಂದಿನ ಅಧ್ಯಯನಗಳ ಫಲಿತಾಂಶಗಳೂ ಒಂದೇ ತೆರನಾಗಿಲ್ಲ.

ಬದಲಿಸಲು ಸಾಧ್ಯವಿರುವುದು ಬಾಲ್ಯವನ್ನು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ 1970ರ ದಶಕದ ಕೊನೆಯಲ್ಲಿ ಸಂಶೋಧಕ ಡೇವಿಡ್ ಓಲ್ಡ್ಸ್ ನರ್ಸ್‌ಗಳನ್ನು ಗರ್ಭಿಣಿಯರ ಮನೆಗಳಿಗೆ ಕಳಿಸಿದರು. ಮಗುವಿಗೆ ಎರಡು ವರ್ಷ ತುಂಬುವವರೆಗೆ ಅವರು ಬಂದು ಹೋಗುತ್ತಿದ್ದರು. ಆ ಮಕ್ಕಳಿಗೆ 15 ತುಂಬಿದಾಗ ಲೆಕ್ಕ ಹಾಕಿದರೆ, ಬಡ ಅವಿವಾಹಿತ ತಾಯಂದಿರ ಮಕ್ಕಳಲ್ಲಿ ನರ್ಸ್‌ಗಳ ಭೇಟಿ ದೊರೆತವರು ದೊರೆಯದವರಿಗಿಂತ ಕಡಿಮೆ ಬಾರಿ ಪೊಲೀಸರ ಕೈಗೆ ಸಿಕ್ಕಿದ್ದರು.