ತುಂಗಭದ್ರಾ ಮಂಡಳಿ: ನೀರಿನ ಹಂಚಿಕೆ, ವಿದ್ಯುತ್ತಿನ ಹಂಚಿಕೆ

ಬಳ್ಳಾರಿ ಸೀಮೆಯ ಚರಿತ್ರೆಯನ್ನು ಓದುವವರು ಅಲ್ಲಿಯ ಕೋಟೆಗಳನ್ನೂ ಕ್ಷಾಮಗಳನ್ನೂ ಬಲ್ಲರು. ಆ ಸೀಮೆಗೆ ನೀರನ್ನು ಅಳೆದುಕೊಡುವ ಸಂಸ್ಥೆಯ ಚರಿತ್ರೆಯನ್ನು ಮಾತ್ರ ಇಂಜಿನಿಯರುಗಳ ಪಾಲಿಗೆ ಬಿಡುವುದು ನಮ್ಮ ವಾಡಿಕೆಯಾಗಿದೆ.

ಮದರಾಸು ಹಾಗೂ ಹೈದರಾಬಾದು ಸರ್ಕಾರಗಳು ೧೯೪೫ರಲ್ಲಿ ಶಂಕುಸ್ಥಾಪನೆ ಮಾಡಿದ ಅಣೆಕಟ್ಟಿನಿಂದ ೧೯೫೩ರ ಜುಲೈ ತಿಂಗಳಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವು ಉದಯಿಸಿತು; ಹೊಸಪೇಟೆ, ಸಿರುಗುಪ್ಪ, ಬಳ್ಳಾರಿ ಮೊದಲಾದ ತಾಲ್ಲೂಕುಗಳು ಮೈಸೂರಿಗೆ ಸೇರಿದರೆ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರದಲ್ಲಿ ಉಳಿದವು. ಬಲದಂಡೆಯ ಕಾಲುವೆಗಳ ತಲೆ ಒಂದು ರಾಜ್ಯಕ್ಕೂ ಬಾಲ ಮತ್ತೊಂದಕ್ಕೂ ಸಂದಿತು. ಈ ತೊಡಕನ್ನು ನಿವಾರಿಸಲೆಂದೇ ಆಂಧ್ರ ರಾಜ್ಯ ಕಾಯಿದೆಯನ್ವಯ ರಾಷ್ಟ್ರಪತಿಗಳು ಮಂಡಳಿಯನ್ನು ರಚಿಸಿದರು. ಅದರ ಅಧ್ಯಕ್ಷರನ್ನು ಕೇಂದ್ರ ಸರ್ಕಾರವು ನೇಮಿಸುತ್ತದೆ. ಎಡದಂಡೆಯ ನೀರಾವರಿಯು ಕರ್ನಾಟಕದ ಆಡಳಿತದಲ್ಲಿಯೇ ಇದೆ.

ಮಂಡಳಿಯು ವರ್ಷವರ್ಷವೂ ಜಲಾಶಯಕ್ಕೆ ಬರಬಹುದಾದ ನೀರನ್ನು ಅಂದಾಜು ಮಾಡಿ ರಾಜ್ಯಗಳಿಗೆ ಪಾಲು ಗೊತ್ತುಪಡಿಸುತ್ತದೆ. ಒಳಹರಿವು ಬದಲಾದಂತೆ ಪಾಲನ್ನೂ ತಿದ್ದುತ್ತದೆ. ಬಚಾವತ್ ನ್ಯಾಯಮಂಡಲಿಯ ತೀರ್ಪಿನಂತೆ ಕೆಳಮಟ್ಟದ ಕಾಲುವೆಯಲ್ಲಿ ಕರ್ನಾಟಕಕ್ಕೆ ೧೯, ಆಂಧ್ರಕ್ಕೆ ೨೪ ಟಿ.ಎಂ.ಸಿ.; ಮೇಲ್ಮಟ್ಟದ ಕಾಲುವೆಯಲ್ಲಿ ಕ್ರಮವಾಗಿ ೧೭.೫ ಮತ್ತು ೩೨.೫.

ವಿದ್ಯುತ್ತಿನ ವಿಷಯ ಇನ್ನಷ್ಟು ಸ್ವಾರಸ್ಯವಾದುದು. ಅಣೆಕಟ್ಟಿನ ಬುಡದ ಯಂತ್ರಗಳನ್ನು ತಿರುಗಿಸಿದ ನೀರೇ ಕೆಳಮಟ್ಟದ ಕಾಲುವೆಗೆ ಇಳಿದು, ಹಂಪಿಯ ಬಳಿ ಮತ್ತೊಮ್ಮೆ ಯಂತ್ರಗಳನ್ನು ತಿರುಗಿಸಿ, ಆಮೇಲೆ ಕುರುಗೋಡು, ಸಿರುಗುಪ್ಪಗಳ ಗದ್ದೆಗೆ ಸಾಗುತ್ತದೆ. ಎರಡೂ ಕೇಂದ್ರಗಳ ಸಾಮರ್ಥ್ಯ ಒಟ್ಟು ೭೨ ಮೆಗಾವಾಟ್. ಉತ್ಪನ್ನದಲ್ಲಿ ಐದನೆಯ ಒಂದು ಪಾಲು ಮಾತ್ರ ಕರ್ನಾಟಕದ್ದು. ಈ ದೀಪ ಬೆಳಗುವುದು ರೈತನ ನೀರಿನ ಸರದಿಯನ್ನು ಅನುಸರಿಸಿ. ಬೇಸಗೆಯಲ್ಲಿ ಕಾಲುವೆ ನಿಂತರೆ ಯಂತ್ರವೂ ನಿಲ್ಲಬೇಕು.

ಕಾಲುವೆಯನ್ನು ಯೋಜಿಸಿದವರು ಕಪ್ಪುನೆಲಕ್ಕೆ ಮಿತನೀರಿನ ಬೆಳೆಗಳನ್ನೇ ಬಹುಮಟ್ಟಿಗೆ ಉದ್ದೇಶಿಸಿದ್ದರು. ಆದರೆ ತಲೆಭಾಗದವರು ಬತ್ತವನ್ನು ಹಿಡಿದರು. ಬತ್ತವೇ ಸಿರುಗುಪ್ಪಕ್ಕೆ ಸಂಪತ್ತು ತಂದಿತೆಂಬುದೂ ನಿಜ. ಅದರ ಬೆಲೆಯನ್ನು ಕಟ್ಟುತ್ತಿರುವವನು ಕಾಲುವೆಯ ತುದಿಯ ರೈತ. ಮಂಡಳಿಯು ರಾಜ್ಯಗಳ ನಡುವೆ ಅಳೆದುಕೊಡಬಲ್ಲುದು. ಒಂದೇ ಕಾಲುವೆಯ ಮೇಲುಗದ್ದೆಗೂ ಕೆಳಗದ್ದೆಗೂ ನಡುವಿನ ನ್ಯಾಯ ಅದರ ಕೈಗೆ ಎಟುಕುವಂಥದಲ್ಲ ಎಂದೇ ನಮಗೆ ತೋರುತ್ತದೆ.

ಇತ್ತ ಅಳೆಯುವ ಪಾತ್ರೆಯೇ ಕಿರಿದಾಗುತ್ತಿದೆ. ಮೊದಲು ಸುಮಾರು ೧೩೩ ಟಿ.ಎಂ.ಸಿ. ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ, ಈಗ ಸುಮಾರು ೧೦೫ಕ್ಕೆ ಇಳಿದಿದೆ. ೨೦೨೪ರ ಆಗಸ್ಟ್ ತಿಂಗಳಲ್ಲಿ ಸರಪಳಿ ಕಡಿದು ೧೯ನೆಯ ತೂಬುಬಾಗಿಲು ಕೊಚ್ಚಿಹೋದಾಗ, ಬದಲಿ ಬಾಗಿಲನ್ನು ಇಳಿಸುವವರೆಗೆ ಅಪಾರ ನೀರನ್ನು ನದಿಗೆ ಬಿಡಬೇಕಾಯಿತು. ಬಳ್ಳಾರಿ ನಗರದ ಕುಡಿಯುವ ನೀರಿನ ಅಲ್ಲೀಪುರ ಕೆರೆ ತುಂಬುವುದೂ ಇದೇ ಜಲಾಶಯದ ಮೇಲ್ಮಟ್ಟದ ಕಾಲುವೆಯಿಂದ.