ಮನೆಯ ಮತ್ಸ್ಯಾಲಯಕ್ಕೆ ಎಷ್ಟು ವಿದ್ಯುಚ್ಛಕ್ತಿ ಬೇಕು?

ಕೆರೆಯಲ್ಲಿರುವ ಮೀನಿಗೆ ಬೇಕಾದುದನ್ನೆಲ್ಲ ಪ್ರಕೃತಿಯೇ ಒದಗಿಸುತ್ತದೆ. ನೀರಿನ ವಿಶಾಲವಾದ ಮೇಲ್ಮೈ ವಾಯುವಿನಿಂದ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಅಪಾರವಾದ ಜಲರಾಶಿ ಉಷ್ಣತೆಯ ಏರಿಳಿತವನ್ನು ತಡೆಯುತ್ತದೆ. ಮನೆಯ ಕಿರಿದಾದ ಗಾಜಿನ ತೊಟ್ಟಿಯಲ್ಲಾದರೋ ಈ ಕೆಲಸಗಳನ್ನು ವಿದ್ಯುದುಪಕರಣಗಳು ನಿರ್ವಹಿಸಬೇಕು. ಮೀನುಗಳು ಕಿಕ್ಕಿರಿದಿರುವ ತೊಟ್ಟಿಯಲ್ಲಿ ಪಂಪು ಕೆಲವು ಗಂಟೆಗಳ ಕಾಲ ನಿಂತರೆ ಅವುಗಳ ಪ್ರಾಣಕ್ಕೇ ಸಂಚಕಾರ. ಆದುದರಿಂದ ಯಾವ ಉಪಕರಣಕ್ಕೆ ಎಷ್ಟು ಶಕ್ತಿ ಬೇಕು, ಯಾವುದು ಅತ್ಯಾವಶ್ಯಕ ಎಂಬುದನ್ನು ಮೊದಲೇ ಲೆಕ್ಕಹಾಕಿ ತಿಳಿದಿರಬೇಕು.

60 ಲೀಟರು ನೀರು ಹಿಡಿಯುವ ಒಂದು ತೊಟ್ಟಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ ವಾಯುಪಂಪು 4 ವಾಟ್, ಶೋಧಕ 8 ವಾಟ್, ಎಲ್‌ಇಡಿ ದೀಪ 15 ವಾಟ್, ಶಾಖೋಪಕರಣ 100 ವಾಟ್ ಇರಲಿ. ಎಲ್ಲವೂ ಒಟ್ಟಿಗೆ ನಡೆದರೆ 127 ವಾಟ್. ಇದನ್ನು 230 ವೋಲ್ಟಿನಿಂದ ಭಾಗಿಸಿದರೆ ಪ್ರವಾಹ ಸುಮಾರು 0.55 ಆಂಪಿಯರ್ ಎಂದು ತಿಳಿಯುತ್ತದೆ. ಮನೆಯ ಸಾಮಾನ್ಯ ಸಾಕೆಟ್ಟಿಗೆ ಇದು ಅಲ್ಪ ಹೊರೆ.

ದಿನದ ವೆಚ್ಚ

ವಾಟ್ ಸಂಖ್ಯೆಯನ್ನು ಗಂಟೆಗಳಿಂದ ಗುಣಿಸಿದರೆ ಬಳಕೆಯಾದ ಶಕ್ತಿ ದೊರೆಯುತ್ತದೆ. 1000 ವಾಟ್-ಗಂಟೆಗೆ ಒಂದು ಯೂನಿಟ್. ಪಂಪೂ ಶೋಧಕವೂ ಹಗಲಿರುಳು ನಡೆಯುವುದರಿಂದ ಅವುಗಳಿಗೆ ದಿನಕ್ಕೆ 96 ಮತ್ತು 192 ವಾಟ್-ಗಂಟೆ. ಎಂಟು ಗಂಟೆ ಉರಿಯುವ ದೀಪಕ್ಕೆ 120. ಒಟ್ಟು 408, ಎಂದರೆ ತಿಂಗಳಿಗೆ ಸುಮಾರು 12 ಯೂನಿಟ್.

ಶಾಖೋಪಕರಣದ ಲೆಕ್ಕ ಇಷ್ಟು ಸರಳವಲ್ಲ. ತಾಪನಿಯಂತ್ರಕವು ಅದನ್ನು ಆಗಾಗ ಆರಿಸಿ ಹೊತ್ತಿಸುತ್ತಿರುತ್ತದೆ. ಆದ್ದರಿಂದ 100 ವಾಟ್ ಎಂಬುದು ಅದರ ಸಾಮರ್ಥ್ಯವೇ ಹೊರತು ನಿರಂತರ ಬಳಕೆಯಲ್ಲ. ತೊಟ್ಟಿ ಎಷ್ಟು ಶಾಖವನ್ನು ಕಳೆದುಕೊಳ್ಳುವುದೋ ಅಷ್ಟನ್ನೇ ಅದು ತುಂಬಿಕೊಡಬೇಕು. ಈ ನಷ್ಟವನ್ನು ಒಂದು ಉಷ್ಣತಾಮಾಪಕದಿಂದಲೇ ಅಳೆಯಬಹುದು. ನೀರು 26 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಕೋಣೆ 20 ಡಿಗ್ರಿಯಲ್ಲಿಯೂ ಇರುವಾಗ ಶಾಖೋಪಕರಣವನ್ನೂ ದೀಪವನ್ನೂ ಆರಿಸಿ, ಒಂದು ಗಂಟೆಯ ಬಳಿಕ ನೋಡೋಣ. ಉಷ್ಣತೆ ಅರ್ಧ ಡಿಗ್ರಿ ಇಳಿದಿದ್ದರೆ, 60,000 ಗ್ರಾಂ ನೀರು 30,000 ಕೆಲೋರಿ ಶಾಖವನ್ನು ಕಳೆದುಕೊಂಡಿತೆಂದಾಯಿತು. ಒಂದು ವಾಟ್-ಗಂಟೆಗೆ 860 ಕೆಲೋರಿಗಳಾದುದರಿಂದ ನಷ್ಟದ ದರ ಸುಮಾರು 35 ವಾಟ್. ದಿನವಿಡೀ ಇದೇ ಸ್ಥಿತಿಯಿದ್ದರೆ ಬಳಕೆ 840 ವಾಟ್-ಗಂಟೆ. ತಿಂಗಳಿಗೆ 25 ಯೂನಿಟ್. ಉಳಿದ ಮೂರು ಉಪಕರಣಗಳ ಒಟ್ಟು ವೆಚ್ಚಕ್ಕೆ ಇದು ಇಮ್ಮಡಿ!

ನ್ಯೂಟನ್ನನ ಶೀತಲೀಕರಣ ನಿಯಮದಂತೆ ನಷ್ಟವು ನೀರಿಗೂ ಕೋಣೆಗೂ ಇರುವ ಉಷ್ಣತೆಯ ವ್ಯತ್ಯಾಸವನ್ನು ಅನುಸರಿಸುತ್ತದೆ. ವ್ಯತ್ಯಾಸ 10 ಡಿಗ್ರಿಯಾದರೆ ಸುಮಾರು 58 ವಾಟ್ ಬೇಕು. 100 ವಾಟಿನ ಉಪಕರಣ ಆಗಲೂ ಸಾಕು. ತೊಟ್ಟಿಗೆ ಗಾಜಿನ ಮುಚ್ಚಳವಿಟ್ಟರೆ ಆವಿಯಾಗುವಿಕೆ ತಗ್ಗಿ ನಷ್ಟವೂ ಕಡಿಮೆಯಾಗುತ್ತದೆ. ಮಂಗಳೂರಿನಂತಹ ಬೆಚ್ಚನೆಯ ಊರಿನಲ್ಲಿ ವರ್ಷದ ಬಹುಭಾಗ ಶಾಖೋಪಕರಣವೇ ಬೇಕಾಗದು. ತಂಪು ನೀರನ್ನು ಸಹಿಸುವ ಚಿನ್ನದ ಮೀನಿಗೆ ಬೆಂಗಳೂರಿನ ಚಳಿಗಾಲದಲ್ಲಿಯೂ ಅದರ ಅಗತ್ಯವಿಲ್ಲ.

ವಿದ್ಯುತ್ತು ನಿಂತಾಗ

ಈಗ ಮುಖ್ಯ ಪ್ರಶ್ನೆಗೆ ಬರೋಣ. 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 84 ವಾಟ್-ಗಂಟೆ ಶಕ್ತಿಯಿದೆ. ಅದನ್ನು ಪೂರ್ತಿ ಬರಿದುಮಾಡಬಾರದು. ಅರ್ಧ, ಎಂದರೆ 42 ವಾಟ್-ಗಂಟೆಯನ್ನು ಬಳಸೋಣ. ನೇರವಾಗಿ ಬ್ಯಾಟರಿಯಿಂದಲೇ ನಡೆಯುವ 4 ವಾಟಿನ ವಾಯುಪಂಪು ಇದರಿಂದ ಹತ್ತು ಗಂಟೆ ಕೆಲಸಮಾಡೀತು. ಅದೇ ಶಕ್ತಿಯಿಂದ ಶಾಖೋಪಕರಣ ಅರ್ಧ ಗಂಟೆಯೂ ನಡೆಯಲಾರದು.

ಹಾಗಾದರೆ ನೀರು ತಣ್ಣಗಾಗದೆ? ನಾಲ್ಕು ಗಂಟೆಗಳಲ್ಲಿ ನಮ್ಮ ತೊಟ್ಟಿಯ ಉಷ್ಣತೆ ಎರಡು ಡಿಗ್ರಿಯೂ ಇಳಿಯದು. ಮೀನುಗಳು ಅದನ್ನು ತಾಳಬಲ್ಲವು. ಆಮ್ಲಜನಕದ ಕೊರತೆಯನ್ನು ತಾಳಲಾರವು. ಅಮೋನಿಯವನ್ನು ನೈಟ್ರೈಟಾಗಿ, ನೈಟ್ರೇಟಾಗಿ ಪರಿವರ್ತಿಸುವ ಶೋಧಕದ ಬ್ಯಾಕ್ಟೀರಿಯಗಳಿಗೂ ಆಮ್ಲಜನಕ ಬೇಕು. ಆದುದರಿಂದ ಬ್ಯಾಟರಿಯ ಮೇಲೆ ಮೊದಲ ಹಕ್ಕು ವಾಯುಪಂಪಿಗೆ, ಎರಡನೆಯದು ಶೋಧಕಕ್ಕೆ. ದೀಪಕ್ಕೂ ಶಾಖಕ್ಕೂ ಆಮೇಲೆ.

ಕೊನೆಯದಾಗಿ ಎಚ್ಚರಿಕೆಯ ಮಾತು. ನೀರೂ ವಿದ್ಯುತ್ತೂ ಸೇರಿದಲ್ಲಿ ಅಪಾಯವುಂಟು. ತೊಟ್ಟಿಯೊಳಗೆ ಕೈಯಿಡುವ ಮುನ್ನ ಎಲ್ಲ ಪ್ಲಗ್ಗುಗಳನ್ನೂ ಕಳಚಬೇಕು. ತಂತಿಯ ಗುಂಟ ಇಳಿದ ಹನಿ ಸಾಕೆಟ್ಟನ್ನು ಸೇರದಂತೆ, ತಂತಿ ಸಾಕೆಟ್ಟಿಗಿಂತ ಕೆಳಗೆ ಬಾಗಿ ಮೇಲೇರಿರಬೇಕು. 30 ಮಿಲಿಆಂಪಿಯರ್ ಸೋರಿಕೆಗೇ ಪ್ರವಾಹವನ್ನು ಕಡಿಯುವ ರಕ್ಷಕ ಸ್ವಿಚ್ಚನ್ನು ಅಳವಡಿಸಿದರೆ ಮೀನುಗಳ ಜೊತೆಗೆ ಸಾಕುವವರೂ ಸುರಕ್ಷಿತರು.