ಬೆಳಿಗ್ಗೆ ಸುಡುಬಿಸಿಲು, ಸಂಜೆ ಗುಡುಗು: ಪುಣೆಯ ಅಕ್ಟೋಬರ್ ಲೆಕ್ಕ

ಪುಣೆಗೆ ವರ್ಷದಲ್ಲಿ ಎರಡು ಬೇಸಿಗೆ. ಎರಡನೆಯದನ್ನು ಊರಿನವರೆಲ್ಲ, ಅಲ್ಲಿ ನೆಲೆಸಿದ ಕನ್ನಡಿಗರೂ ಸೇರಿ, ‘ಅಕ್ಟೋಬರ್ ಹೀಟ್’ ಅನ್ನುತ್ತಾರೆ. ಆಗಸ್ಟಿನಲ್ಲಿ 28 ಡಿಗ್ರಿ ಆಸುಪಾಸಿನಲ್ಲಿರುವ ಗರಿಷ್ಠ ಉಷ್ಣಾಂಶ ಅಕ್ಟೋಬರಿನಲ್ಲಿ 32ರ ಹತ್ತಿರ ಬರುತ್ತದೆ. ಕೆಲವು ದಿನ 34ನ್ನೂ ಮುಟ್ಟುತ್ತದೆ. ಏಪ್ರಿಲ್‌ನ 38ರ ಮುಂದೆ ಇದೇನು ಮಹಾ ಅನ್ನಿಸಬಹುದು. ಆದರೆ ಏಪ್ರಿಲ್‌ನದು ಒಣ ಬಿಸಿಲು, ಬೆವರು ಬಂದಲ್ಲೇ ಆರುತ್ತದೆ. ಅಕ್ಟೋಬರಿನಲ್ಲಿ ಅಂಗಿ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ಗಾಳಿಯ ತೇವಾಂಶ ಶೇ 60 ಇದ್ದರೆ 32 ಡಿಗ್ರಿ ಮೈಗೆ 37–38ರಂತೆ ತಾಗುತ್ತದೆ.

ಈ ಸೆಖೆಗೂ ಸಂಜೆಯ ಗುಡುಗು ಮಳೆಗೂ ಮೂಲ ಒಂದೇ. ಸೆಪ್ಟೆಂಬರ್ 17ರ ಸುಮಾರಿಗೆ ಪಶ್ಚಿಮ ರಾಜಸ್ಥಾನದಿಂದ ಹಿಂದೆ ಸರಿಯತೊಡಗುವ ಮುಂಗಾರು ಸಾಮಾನ್ಯವಾಗಿ ಅಕ್ಟೋಬರ್ ಮೊದಲರ್ಧದಲ್ಲಿ ಪುಣೆಯನ್ನು ಬಿಡುತ್ತದೆ. ಪಡುವಣ ಗಾಳಿ ನಿಲ್ಲುತ್ತದೆ, ಮೋಡ ಚದುರುತ್ತದೆ, ಬಿಸಿಲು ನೇರ ನೆಲಕ್ಕೆ ಬೀಳುತ್ತದೆ. ನೆಲವೋ ಇನ್ನೂ ಹಸಿ. ಅದರಿಂದೆದ್ದ ಆವಿ ಗಾಳಿಯಿಲ್ಲದೆ ಅಲ್ಲೇ ಉಳಿಯುತ್ತದೆ. ಕೆಲವು ದಿನ ಬಂಗಾಳ ಕೊಲ್ಲಿ ಕಡೆಯಿಂದ ಬೀಸುವ ಮೂಡಣ ಗಾಳಿ ಇನ್ನಷ್ಟು ತೇವ ತಂದು ಸೇರಿಸುತ್ತದೆ.

ಮಧ್ಯಾಹ್ನದ ಹೊತ್ತಿಗೆ ಕಾದ ಗಾಳಿ ಮೇಲೇಳುತ್ತದೆ. ಮೇಲೆ ತಂಪಿರುವುದರಿಂದ ಆವಿ ಹನಿಗಟ್ಟುತ್ತದೆ, ಹನಿಗಟ್ಟುವಾಗ ಶಾಖ ಬಿಡುತ್ತದೆ, ಆ ಶಾಖ ಮೋಡವನ್ನು ಇನ್ನೂ ಮೇಲಕ್ಕೆ ನೂಕುತ್ತದೆ. ಹೀಗೆ 12 ಕಿ.ಮೀ.ಗೂ ಎತ್ತರ ಬೆಳೆದ ಮೋಡದೊಳಗೆ ಹಿಮದ ಕಣಗಳು ಒಂದಕ್ಕೊಂದು ತಾಗಿ ವಿದ್ಯುದಾವೇಶ ಹುಟ್ಟುತ್ತದೆ; ಮಿಂಚು ಅದರದೇ ಫಲ. ಮಳೆಗೆ ಕೆಲ ನಿಮಿಷ ಮೊದಲು ಧೂಳೆಬ್ಬಿಸಿಕೊಂಡು ಬರುವ ತಣ್ಣನೆ ಗಾಳಿಯಿದೆಯಲ್ಲ, ಅದು ಹನಿಗಳೊಡನೆ ಮೋಡದಿಂದ ಕೆಳಗಿಳಿದದ್ದು. ಅದೇ ಗಾಳಿ ಪಕ್ಕದ ಬಿಸಿ ಗಾಳಿಯನ್ನು ಎತ್ತಿ ಇನ್ನೊಂದು ಮೋಡ ಕಟ್ಟುವುದೂ ಉಂಟು.

ಇಂಥ ಒಂದು ಮೋಡದ ಹರವು ಕೆಲವೇ ಕಿಲೋಮೀಟರ್, ಆಯುಷ್ಯ ಹೆಚ್ಚೆಂದರೆ ಒಂದು ತಾಸು. ಹಾಗಾಗಿ ಹಡಪ್ಸರದ ರಸ್ತೆ ಹೊಳೆಯಾದಾಗ ಕೋಥ್ರೂಡ್‌ನಲ್ಲಿ ಒಣಹಾಕಿದ ಬಟ್ಟೆಗೆ ಹನಿಯೂ ಬಿದ್ದಿರುವುದಿಲ್ಲ. ಹವಾಮಾನ ಇಲಾಖೆಯನ್ನು ಬೈಯುವ ಮುನ್ನ ಒಂದು ಮಾತು: ಅವರ ಲೆಕ್ಕದಲ್ಲಿ ‘ಚದುರಿದ ಮಳೆ’ ಎಂದರೆ ಆ ಪ್ರದೇಶದ ಶೇ 26ರಿಂದ 50ರಷ್ಟು ಮಾಪನ ಕೇಂದ್ರಗಳಲ್ಲಿ ಮಳೆ. ನಿಮ್ಮ ಓಣಿ ಉಳಿದ ಭಾಗದಲ್ಲಿರಬಹುದು. ಸಣ್ಣ ಮೋಡವೆಂದು ಹಗುರವಾಗಿ ಕಾಣುವಂತೆಯೂ ಇಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆ ಸುರಿದ ಮಳೆಗೆ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ, ಪುಣೆ ಪರಿಸರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು.

ರೈತರಿಗೆ ಈ ಮಳೆಯ ಲೆಕ್ಕವೇ ಬೇರೆ. ಸೊಲ್ಲಾಪುರ, ವಿಜಯಪುರದ ಕಡೆ ಈ ದಿನಗಳ ಹಸ್ತ, ಚಿತ್ತೆ ಮಳೆಗಳ ಮೇಲೆ ಹಿಂಗಾರಿ ಬಿಳಿಜೋಳ ನಿಂತಿದೆ. ಅಕ್ಟೋಬರ್ ಚಾಟನಿ (ಬಳ್ಳಿ ಸವರುವ ಕೆಲಸ) ಮುಗಿಸಿದ ದ್ರಾಕ್ಷಿ ಬೆಳೆಗಾರನಿಗೆ ಮಾತ್ರ ಡೌನಿ ಎಂಬ ಬೂಜು ರೋಗದ ಭಯ.

ಪುಣೆಯಲ್ಲಿರುವವರು ಇಷ್ಟು ನೋಡಿಕೊಂಡರೆ ಸಾಕು. ಬೆಳಿಗ್ಗೆಯೇ ಮೋಡ ಮುಸುಕಿದ್ದರೆ ನೆಲ ಕಾಯುವುದಿಲ್ಲ, ಸಂಜೆಯ ಗುಡುಗಿನ ಸಂಭವ ಕಡಿಮೆ. ಬೆಳಿಗ್ಗೆ ಸ್ವಚ್ಛ ಬಿಸಿಲು, ಗಾಳಿಯಿಲ್ಲದ ಸೆಖೆ, ಮಧ್ಯಾಹ್ನಕ್ಕೆ ಹೂಕೋಸಿನಂತೆ ಉಬ್ಬುವ ಬಿಳಿ ಮೋಡ ಕಂಡರೆ ಛತ್ರಿ ಜೊತೆಗಿರಲಿ. ಇಲಾಖೆಯ ಮೂರು ತಾಸಿನ ಮುನ್ಸೂಚನೆ ನೋಡಿ. ಸಿಡಿಲಿನ ಎಚ್ಚರಿಕೆಗೆ ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯವರ ‘ದಾಮಿನಿ’ ಆ್ಯಪ್ ಇದೆ. ಮಿಂಚಿದ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿ.ಮೀ. ಒಳಗೇ ಇದೆ ಎಂದರ್ಥ. ಕೂಡಲೇ ಒಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ತಾಸಾಗುವವರೆಗೆ ಮೈದಾನಕ್ಕಾಗಲಿ ಟೆರೇಸಿಗಾಗಲಿ ಕಾಲಿಡಬೇಡಿ.